ಪ್ರತಿನಿಧಿ

ಮನೆಯಲ್ಲಿ ದೇವರ ಪೂಜೆ ನಡೆಸುವವರಿಗೆ ಒಂದು ಸೌಕರ್ಯವು ಚೆನ್ನಾಗಿ ಗೊತ್ತು. ವಸ್ತ್ರವನ್ನು ಸಮರ್ಪಿಸಬೇಕಾದ ಕಡೆ ವಸ್ತ್ರವಿಲ್ಲದಿದ್ದರೆ ನಾಲ್ಕು ಕಾಳು ಅಕ್ಷತೆ. ಆಭರಣವಿಲ್ಲದಿದ್ದರೆ ಮತ್ತೆ ನಾಲ್ಕು ಕಾಳು ಅಕ್ಷತೆ. ದೇವರು ಭಕ್ತವತ್ಸಲನಾದುದರಿಂದ ಅಲ್ಲಿ ಈ ಲೆಕ್ಕವು ಸಲ್ಲುತ್ತದೆ. ಯಾಗಶಾಲೆಯಲ್ಲಿ ಮಾತ್ರ ಇಷ್ಟು ಸುಲಭವಲ್ಲ. ವಿಧಿಸಿದ ದ್ರವ್ಯವು ದೊರೆಯದಿದ್ದಾಗ ಅದರ ಸ್ಥಾನದಲ್ಲಿ ಯಾವುದನ್ನು ಇಡಬಹುದು, ಯಾವುದನ್ನು ಇಡಬಾರದು ಎಂಬ ವಿಚಾರವನ್ನು ಜೈಮಿನಿಯು ತನ್ನ ಮೀಮಾಂಸಾಸೂತ್ರಗಳ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ವಿಸ್ತಾರವಾಗಿ ನಡೆಸಿದ್ದಾನೆ. ಹೀಗೆ ಬದಲಿಗೆ ಬಂದ ದ್ರವ್ಯಕ್ಕೆ ಪ್ರತಿನಿಧಿಯೆಂದು ಹೆಸರು. ವ್ರೀಹಿ ಸಿಕ್ಕದಿದ್ದರೆ ನೀವಾರ. ಸೋಮಲತೆ ಸಿಕ್ಕದಿದ್ದರೆ ಪೂತೀಕ. ಪಾಠಶಾಲೆಯ ಬಾಲಕರು ಇದನ್ನು ಓದುವಾಗ, ಈಗ ಸೋಮಯಾಗ ಮಾಡುವವರು ಯಾರು, ಈ ವಿಚಾರದಿಂದ ಯಾರಿಗೆ ಪ್ರಯೋಜನ ಎಂದು ತಮ್ಮ ತಮ್ಮಲ್ಲಿ ಕೇಳಿಕೊಳ್ಳುವುದುಂಟು. ಪ್ರಯೋಜನವು ಎಲ್ಲಿ ಕಾದಿರುತ್ತದೆಯೋ ಹೇಳಲಾಗದು. ಸಾತನೂರಿನ ಒಂದು ಮನೆಯ ಪಡಸಾಲೆಯಲ್ಲಿ, ಒಂದು ಹಳೆಯ ಮೀಟರಿನ ಮುಂದೆ, ಆ ಪಾದದ ವಿಚಾರಗಳೆಲ್ಲ ಒಂದೊಂದಾಗಿ ಎದ್ದು ನಿಂತವು.

ಕನಕಪುರದಿಂದ ಮಳವಳ್ಳಿಗೆ ಹೋಗುವ ಹೆದ್ದಾರಿಯಲ್ಲಿ, ಚನ್ನಪಟ್ಟಣದ ರಸ್ತೆ ಬಂದು ಕೂಡುವಲ್ಲಿ ಸಾತನೂರು ಇದೆ. ಸುತ್ತ ಹಿಪ್ಪುನೇರಳೆಯ ತೋಟಗಳು. ಆಚೆಗೆ ಕಬ್ಬಾಳದುರ್ಗದ ಬಂಡೆ. ಈ ಊರಿನಲ್ಲಿ ಹಿಂದೆ ಒಬ್ಬರು ರೇಡಿಯೋ ದುರಸ್ತಿಯ ಅಂಗಡಿಯನ್ನು ಇಟ್ಟಿದ್ದರು. ಅವರು ಕೆಲಸ ಮಾಡುತ್ತಿದ್ದಾಗಲೇ ಕಾಲವಾದರು. ಮಗನು ಆಗ ದೂರದ ಊರಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದನು. ಅಂಗಡಿಯ ಸಾಮಾನು ಅಟ್ಟವನ್ನು ಸೇರಿತು. ಮೂವತ್ತು ವರ್ಷಗಳ ಮೇಲೆ ಆ ಮಗನು ತಾನೂ ನಿವೃತ್ತನಾಗಿ, ತಲೆ ನರೆತು, ಊರಿಗೆ ಹಿಂದಿರುಗಿದಾಗ ಅಟ್ಟದಿಂದ ಇಳಿದು ಬಂದುವು ನಾಲ್ಕು: ಒಂದು ಆವೋಮೀಟರು, ಒಂದು ಸಿಗ್ನಲ್ ಜನರೇಟರು, ರಟ್ಟು ಕಟ್ಟಿದ ಒಂದು ಲೆಕ್ಕದ ಪುಸ್ತಕ, ಮತ್ತು ಯಾರದೋ ಒಂದು ವಾಲ್ವಿನ ರೇಡಿಯೋ.

ಪುಸ್ತಕದ ಕೊನೆಯ ಪುಟವು ಆ ರೇಡಿಯೋಗೆ ಸಂಬಂಧಪಟ್ಟುದು. ದುರ್ಗದ ತಪ್ಪಲಿನ ಒಂದು ಹಳ್ಳಿಯ ಹೆಸರು, ಮನೆಯ ಗುರುತು, ‘ಮುಂಗಡ ಇಪ್ಪತ್ತು ರೂಪಾಯಿ ಬಂದಿದೆ’ ಎಂಬ ಲೆಕ್ಕ. ಅದರ ಕೆಳಗೆ ಏಳು ಗೆರೆಗಳು. ಸೆಟ್ಟಿನ ಏಳು ಸ್ಥಳಗಳಲ್ಲಿ ಎಷ್ಟೆಷ್ಟು ವೋಲ್ಟು ಇದೆಯೆಂದು ಅಳೆದು ಬರೆಯುವುದು ಆ ಹಿರಿಯರ ಪದ್ಧತಿ. ನಾಲ್ಕು ಗೆರೆಗಳಲ್ಲಿ ಅಂಕೆಗಳಿದ್ದುವು. ಉಳಿದ ಮೂರು ಬರಿದಾಗಿದ್ದುವು.

ಬರಿದಾದ ಆ ಮೂರು ಗೆರೆಗಳು ಮಗನ ಮನಸ್ಸನ್ನು ಹಿಡಿದುವು. ತಂದೆಯ ಸಾಲವನ್ನು ತೀರಿಸುವುದು ಮಗನ ಧರ್ಮವೆಂದು ಎಲ್ಲರೂ ಬಲ್ಲರು. ತಂದೆಯು ಒಪ್ಪಿಕೊಂಡ ಕೆಲಸವೂ ಒಂದು ಸಾಲವೇ ಅಲ್ಲವೆ? ಅವರು ಕನಕಪುರದಿಂದ ಕೆಲವು ನೂರು ರೂಪಾಯಿಯ ಒಂದು ಡಿಜಿಟಲ್ ಮೀಟರನ್ನು ತಂದರು. ಹಳೆಯ ಸೆಟ್ಟಿಗೆ ಒಮ್ಮೆಗೇ ಪೂರ್ಣ ವಿದ್ಯುತ್ತನ್ನು ಕೊಡದೆ, ಸಾಲಿನಲ್ಲಿ ಒಂದು ದೀಪವನ್ನಿಟ್ಟು ನಿಧಾನವಾಗಿ ಎಚ್ಚರಿಸಿ, ತಂದೆಯು ಬರೆದ ನಾಲ್ಕು ಸ್ಥಳಗಳನ್ನು ಅಳೆದು ನೋಡಿದರು. ಮೊದಲನೆಯ ಅಂಕೆ ಹೊಂದಿತು. ಎರಡನೆಯದು ಹತ್ತಿರ ಬಂದಿತು. ಮೂರನೆಯದೂ ನಾಲ್ಕನೆಯದೂ ಹೊಂದಲೇ ಇಲ್ಲ. ಮೂವತ್ತು ವರ್ಷಗಳಲ್ಲಿ ಸೆಟ್ಟು ಕೆಟ್ಟಿತೋ, ಅಥವಾ ಅಳೆಯುವ ಯಂತ್ರವು ಬೇರೆಯಾದುದರಿಂದ ಅಂಕೆಯೂ ಬೇರೆಯಾಯಿತೋ? ಇದು ತಿಳಿಯದೆ ಉಳಿದ ಮೂರು ಗೆರೆಗಳನ್ನು ತುಂಬುವುದಕ್ಕೆ ಅವರಿಗೆ ಧೈರ್ಯ ಬರಲಿಲ್ಲ.

ಅಳೆಯುವ ಯಂತ್ರ ಬೇರೆಯಾದರೆ ಅಳತೆ ಬೇರೆಯಾಗುವುದೆ? ಆಗುತ್ತದೆ. ಹಾಲಿನ ರುಚಿಯನ್ನು ನೋಡುವವನು ಒಂದು ಗುಟುಕನ್ನಾದರೂ ಕುಡಿಯಲೇಬೇಕು. ಕುಡಿದಷ್ಟು ಹಾಲು ಕಡಮೆಯಾಗಲೇಬೇಕು. ಮುಳ್ಳಿನ ಮೀಟರು ತನ್ನ ಮುಳ್ಳನ್ನು ಓಡಿಸುವುದಕ್ಕೆ ಬೇಕಾದ ವಿದ್ಯುತ್ತನ್ನು ತಾನು ಪರೀಕ್ಷಿಸುವ ಸ್ಥಳದಿಂದಲೇ ಹೀರುತ್ತದೆ. ಹತ್ತು ಹತ್ತು ಲಕ್ಷ ಓಮಿನ ಎರಡು ರೆಸಿಸ್ಟರುಗಳನ್ನು ಸಾಲಾಗಿ ಜೋಡಿಸಿ 200 ವೋಲ್ಟನ್ನು ಕೊಟ್ಟರೆ ನಡುವೆ 100 ವೋಲ್ಟು ಇರುತ್ತದೆ. ಒಂದು ಕೋಟಿ ಓಮಿನ ಡಿಜಿಟಲ್ ಮೀಟರು ಅದನ್ನು ಸುಮಾರು 95 ಎನ್ನುತ್ತದೆ. ವೋಲ್ಟಿಗೆ 20,000 ಓಮಿನ ಆವೋಮೀಟರನ್ನು 250 ವೋಲ್ಟಿನ ಶ್ರೇಣಿಯಲ್ಲಿಟ್ಟರೆ ಸುಮಾರು 91 ಎನ್ನುತ್ತದೆ. 100 ವೋಲ್ಟಿನ ಶ್ರೇಣಿಗೆ ತಿರುಗಿಸಿದರೆ 80 ಎನ್ನುತ್ತದೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಯಾವ ಮೀಟರು, ಯಾವ ಶ್ರೇಣಿ ಎಂದು ಹೇಳದಿದ್ದರೆ ಯಾವುದೂ ಪೂರ್ಣ ಸತ್ಯವಲ್ಲ. ಈ ಕಾರಣದಿಂದಲೇ ಹಿಂದೆ ರೇಡಿಯೋ ಸೆಟ್ಟುಗಳ ದುರಸ್ತಿಯ ಪತ್ರಗಳಲ್ಲಿ ವೋಲ್ಟುಗಳ ಪಟ್ಟಿಯೊಡನೆ ಅವುಗಳನ್ನು ಅಳೆದ ಮೀಟರು ಎಂಥದೆಂಬುದನ್ನೂ ಅಚ್ಚು ಮಾಡುತ್ತಿದ್ದರು. ತಂದೆಯ ಪುಸ್ತಕಕ್ಕೆ ತಂದೆಯ ಮೀಟರೇ ನಿಘಂಟು. ಅದು ಬದುಕಿದರೆ ಪುಸ್ತಕಕ್ಕೆ ಅರ್ಥವುಂಟು. ಇಲ್ಲದಿದ್ದರೆ ಅವು ಬರಿಯ ಅಂಕೆಗಳು.

ಈ ಮೀಟರಿನ ವಂಶವೂ ಗೌರವವಾದುದು. ಇಂಗ್ಲೆಂಡಿನ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕೇಡಿ ಎಂಬುವರು, ಒಂದೊಂದು ಅಳತೆಗೂ ಒಂದೊಂದು ಯಂತ್ರವನ್ನು ಹೊತ್ತು ತಿರುಗುವ ಕಷ್ಟವನ್ನು ಕಂಡು, ಆಂಪಿಯರ್, ವೋಲ್ಟ್, ಓಮ್ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದರು. ಆ ಮೂರು ಹೆಸರುಗಳ ಮೊದಲಕ್ಷರಗಳಿಂದ ಆವೋ ಎಂಬ ಹೆಸರಾಯಿತು. 1923ರಿಂದ ಇದು ತಯಾರಾಗತೊಡಗಿತು. ಸಾತನೂರಿನ ಅಟ್ಟದಲ್ಲಿದ್ದ ಎಂಟನೆಯ ಮಾದರಿಯು 1951ರಲ್ಲಿ ಮೊದಲು ಹೊರಬಂದಿತು. ಅದರ ತಯಾರಿಕೆಯು 2008ರಲ್ಲಿ ನಿಂತುಹೋಯಿತು. ಕೊಳ್ಳುವವರು ಇಲ್ಲವಾದರೆಂಬುದಕ್ಕಿಂತ, ಅದಕ್ಕೆ ಬೇಕಾದ ಬಿಡಿಭಾಗಗಳನ್ನು ಒದಗಿಸುವವರು ದುರ್ಲಭರಾದರೆಂಬುದೇ ಅದಕ್ಕೆ ಕಾರಣವಾಯಿತು. ಮಾಡಿದವರಿಗೇ ದೊರೆಯದ ಭಾಗಗಳನ್ನು ಸಾತನೂರಿನ ಒಬ್ಬ ಗೃಹಸ್ಥರು ಹುಡುಕಿಕೊಂಡು ಹೊರಟರು.

ಮೀಟರಿನ ಹಿಂಬದಿಯನ್ನು ಬಿಚ್ಚಿದಾಗ ಅವರಿಗೆ ಮೊದಲು ಕಂಡುದು ತಮ್ಮದೇ ಅಪರಾಧ. ತಂದೆಯ ಉತ್ತರಕ್ರಿಯೆಗಳು ಮುಗಿದ ಮೇಲೆ ಸಾಮಾನುಗಳನ್ನು ಅಟ್ಟಕ್ಕೆ ಏರಿಸಿದವರು ಅವರೇ. ಒಳಗಿನ ಒಂದೂವರೆ ವೋಲ್ಟಿನ ಸೆಲ್ಲನ್ನು ತೆಗೆದಿಡಬೇಕೆಂಬುದು ಅವರಿಗೆ ಹೊಳೆದಿರಲಿಲ್ಲ. ಅದು ಸೋರಿ, ಹಿತ್ತಾಳೆಯ ಸಂಪರ್ಕಗಳನ್ನು ಹಸುರಾಗಿ ತಿಂದು, ಹತ್ತಿರದ ತಂತಿಗಳನ್ನೂ ಮುಟ್ಟಿತ್ತು. ನೂರು ವೋಲ್ಟಿಗೆ ಮೇಲ್ಪಟ್ಟ ಶ್ರೇಣಿಗಳಿಗೆ ದಾರಿಯಾದ ಒಂದು ರೆಸಿಸ್ಟರಿನ ತಂತಿ ತುಂಡಾಗಿತ್ತು. ಮುಳ್ಳು ಮಾತ್ರ ಕ್ಷೇಮವಾಗಿತ್ತು.

ಮೊದಲನೆಯ ಸಮಸ್ಯೆ ಬ್ಯಾಟರಿಯದು. ವೋಲ್ಟನ್ನು ಅಳೆಯುವುದಕ್ಕೆ ಈ ಮೀಟರಿಗೆ ಬ್ಯಾಟರಿ ಬೇಡ. ಓಮನ್ನು ಅಳೆಯುವುದಕ್ಕೆ ಬೇಕು. ಹೆಚ್ಚಿನ ಓಮಿನ ಶ್ರೇಣಿಗೆ ಬೇಕಾದ 15 ವೋಲ್ಟಿನ ಒಂದು ಸಣ್ಣ ಬ್ಯಾಟರಿ ಈಗ ಸಾಮಾನ್ಯ ಅಂಗಡಿಗಳಲ್ಲಿ ಇಲ್ಲ. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ, ವಿದ್ಯುತ್ ಸಾಮಾನಿನ ಅಂಗಡಿಗಳು ಗೂಡುಗಳಂತೆ ಒತ್ತಿಕೊಂಡಿರುವ ಆ ಬೀದಿಯಲ್ಲಿ, ಒಬ್ಬ ವೃದ್ಧ ವ್ಯಾಪಾರಿಯು ಹಳೆಯ ಬ್ಯಾಟರಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, “ಇದು ಬರೋದು ನಿಂತು ಎಷ್ಟೋ ವರ್ಷವಾಯಿತು ಸಾರ್. ಐದು ಬಿಲ್ಲೆ ಸೆಲ್ ತಗೊಂಡುಹೋಗಿ, ಒಂದರ ಮೇಲೊಂದು ಜೋಡಿಸಿ” ಎಂದನು. ಮೂರು ಮೂರು ವೋಲ್ಟಿನ ಐದು ಬಿಲ್ಲೆಗಳು ಕೂಡಿದರೆ ಹದಿನೈದು. ರಟ್ಟಿನ ಕೊಳವೆಯಲ್ಲಿ ಕುಳ್ಳಿರಿಸಿದಾಗ ಅವು ಕೆಲಸ ಮಾಡಿದುವು. ವ್ರೀಹಿಯ ಸ್ಥಾನದಲ್ಲಿ ನೀವಾರವೆಂದರೆ ಇದೇ.

ಸಿಗ್ನಲ್ ಜನರೇಟರು ಅಷ್ಟು ಸುಲಭವಾಗಿ ಒಲಿಯಲಿಲ್ಲ. ಅದರ ಮೇಣದ ಕಾಗದದ ಕಂಡೆನ್ಸರುಗಳೆಲ್ಲ ಸೋರುತ್ತಿದ್ದುವು. ಪುಣ್ಯವಶದಿಂದ ಅದೇ ತಯಾರಿಕೆಯ, ಅದೇ ಬಣ್ಣದ, ಒಮ್ಮೆಯೂ ಬಳಸದ ಕಂಡೆನ್ಸರುಗಳ ಒಂದು ಪೊಟ್ಟಣವು ಅದೇ ಬೀದಿಯಲ್ಲಿ ದೊರೆಯಿತು. ಅವರ ಸಂತೋಷವು ಮನೆಗೆ ಬಂದು ಪರೀಕ್ಷಿಸುವ ತನಕ ಮಾತ್ರ ನಿಂತಿತು. ಕಾಗದವು ಅಂಗಡಿಯ ಪೆಟ್ಟಿಗೆಯಲ್ಲಿ ಕುಳಿತೇ ತೇವವನ್ನು ಹೀರಿ ಹಾಳಾಗಿತ್ತು. ರೂಪದಲ್ಲಿ ಎಷ್ಟೇ ಸಾಮ್ಯವಿದ್ದರೂ ನಿಷಿದ್ಧವಾದ ಧಾನ್ಯವನ್ನು ಪ್ರತಿನಿಧಿಯಾಗಿ ತರಕೂಡದೆಂದು ಜೈಮಿನಿಯು ಹೇಳುತ್ತಾನೆ. ಉದ್ದು ಹೆಸರಿನಂತೆ ಕಂಡರೂ ಹೆಸರಿನ ಸ್ಥಾನಕ್ಕೆ ಸಲ್ಲದು. ನೋಟಕ್ಕೆ ಮೂಲದಂತಿದ್ದ ಆ ಪೊಟ್ಟಣವನ್ನು ಬಿಟ್ಟು, ನೋಟಕ್ಕೆ ಏನೂ ಹೋಲದ, ಬೆರಳ ತುದಿಯಷ್ಟಿರುವ ಹೊಸ ಕಂಡೆನ್ಸರುಗಳನ್ನು ಅವರು ಬೆಸೆದರು.

ಹಾಗಾದರೆ ಸಾಮ್ಯವೆಂದರೆ ಯಾವುದರ ಸಾಮ್ಯ? 1939ರಲ್ಲಿ ಅಮೆರಿಕದ ಪಾಲೋ ಆಲ್ಟೋ ಊರಿನಲ್ಲಿ ಹ್ಯೂಲೆಟ್, ಪ್ಯಾಕರ್ಡ್ ಎಂಬ ಇಬ್ಬರು ತರುಣರು ಪರೀಕ್ಷಾಯಂತ್ರಗಳನ್ನು ತಯಾರಿಸುವ ಸಂಸ್ಥೆಯೊಂದನ್ನು ಆರಂಭಿಸಿದರು. ನಾನಾ ಕಂಪನದ ಶುದ್ಧ ನಾದವನ್ನು ಹುಟ್ಟಿಸುವ ಅವರ ಮೊದಲ ಯಂತ್ರದಲ್ಲಿ ಒಂದು ಪುಟ್ಟ ದೀಪದ ಬುರುಡೆಯಿತ್ತು. ಅದನ್ನಿಟ್ಟುದು ಬೆಳಕಿಗಾಗಿ ಅಲ್ಲ. ತಂತುವು ಕಾದಷ್ಟೂ ಅದರ ರೋಧವು ಹೆಚ್ಚುತ್ತದೆಂಬ ಗುಣವನ್ನು ಹಿಡಿದು, ನಾದವು ಉಬ್ಬದಂತೆ, ತಗ್ಗದಂತೆ ಕಾಯುವುದಕ್ಕಾಗಿ. ಆ ಬುರುಡೆ ಹೋದಾಗ ಬೆಳಗುವ ಬೇರೆ ಯಾವುದೋ ಬುರುಡೆಯನ್ನು ಹಾಕಿದರೆ ದೀಪವು ಸರಿಯಾಗಬಹುದು, ಯಂತ್ರವು ಸರಿಯಾಗದು. ಭಾಗದ ಹೆಸರನ್ನಾಗಲಿ ಆಕಾರವನ್ನಾಗಲಿ ನೋಡದೆ, ಆ ಸ್ಥಾನದಲ್ಲಿ ಅದು ಮಾಡುತ್ತಿದ್ದ ಕೆಲಸವನ್ನು ನೋಡಬೇಕು.

ಮೂಲಕ್ಕಿಂತ ಸಮರ್ಥವಾದ ಪ್ರತಿನಿಧಿಯಿಂದಲೂ ಕೇಡುಂಟು. ಜನರೇಟರಿನಲ್ಲಿ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಸುವ ಸೆಲೆನಿಯಂ ಫಲಕಗಳ ಸಾಲೊಂದು ಹಾಳಾಗಿತ್ತು. ಈಗಿನ ಸಿಲಿಕಾನ್ ಡಯೋಡು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಬೆಲೆ ಅತ್ಯಲ್ಪ, ಕೆಲಸದಲ್ಲಿ ಎಷ್ಟೋ ಮೇಲು. ಆದರೆ ಸೆಲೆನಿಯಂ ತಾನು ನುಂಗಿಕೊಳ್ಳುತ್ತಿದ್ದ ಹಲವು ವೋಲ್ಟುಗಳನ್ನು ಇದು ನುಂಗುವುದಿಲ್ಲ. ಅಷ್ಟನ್ನೂ ಮುಂದಕ್ಕೆ ತಳ್ಳಿ ಉಳಿದ ಹಳೆಯ ಭಾಗಗಳನ್ನು ದಣಿಸುತ್ತದೆ. ಆದುದರಿಂದ ಡಯೋಡಿನ ಜೊತೆಗೆ ಒಂದು ರೆಸಿಸ್ಟರನ್ನಿಟ್ಟು, ಹಳೆಯದರ ದೌರ್ಬಲ್ಯವನ್ನೂ ಹೊಸದಕ್ಕೆ ಕಲಿಸಬೇಕಾಯಿತು. ಹಳೆಯ ಮನೆಗೆ ಬಂದ ಚುರುಕಾದ ಸೊಸೆಯು ಅತ್ತೆಯ ನಡೆಗೆ ತನ್ನ ನಡೆಯನ್ನು ಹೊಂದಿಸಿಕೊಳ್ಳುವುದನ್ನು ಕಂಡವರಿಗೆ ಇದು ಹೊಸದಲ್ಲ.

ವಾಲ್ವಿಗೆ ಮಾತ್ರ ಪ್ರತಿನಿಧಿ ಬೇಕಾಗಲಿಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಗೆ ಕೈಹಾಕಿತು. ಆ ಕಾರ್ಖಾನೆಯ ಮುದ್ರೆಯ ಪೆಟ್ಟಿಗೆಯಲ್ಲಿ, ತೆರೆಯದೆ ಉಳಿದ ಒಂದು ವಾಲ್ವು ದೊರೆತು, ಮೊದಲ ಸಲಕ್ಕೇ ಕೆಂಪಗೆ ಉಸಿರಾಡಿತು. ಮುಖ್ಯವೇ ಸಿಕ್ಕುವಾಗ ಪ್ರತಿನಿಧಿಯ ಮಾತೇಕೆ?

ಇನ್ನೆರಡು ಭಾಗಗಳಿಗೆ ಅವರು ಬೆಂಗಳೂರಿಗೆ ಹೋಗಲಿಲ್ಲ. ಜನರೇಟರಿನ ಸುರುಳಿಯ ತಂತಿಯು ರೇಷ್ಮೆ ಸುತ್ತಿದುದು. ಹಿಂದೆ ಸೂಕ್ಷ್ಮ ಸುರುಳಿಗಳ ತಂತಿಗೆ ರೇಷ್ಮೆಯೇ ಹೊದಿಕೆ. ಅದರ ಸುತ್ತುಗಳು ಸಡಿಲವಾಗಿದ್ದುವು. ರಾಮನಗರದ ನೂಲು ಬಿಚ್ಚುವ ಮನೆಯೊಂದರಿಂದ ಒಂದೆಳೆ ರೇಷ್ಮೆಯನ್ನು ತಂದು ಕಟ್ಟಿದರು. ತಿರುಗಿಸುವ ಗುಬುಟು ಒಡೆದು ಹೋಗಿತ್ತು. ಅದನ್ನು ಹಿಡಿದು ಚನ್ನಪಟ್ಟಣಕ್ಕೆ ಹೋದರು. ಅಲ್ಲಿ ಬೊಂಬೆ ಕಡೆಯುವ ಕುಶಲಿಯೊಬ್ಬನು, “ಇದು ಯಾವ ಬೊಂಬೆಯ ತಲೆ ಸ್ವಾಮಿ?” ಎಂದು ನಕ್ಕು, ಆಲೆಮರದ ತುಂಡನ್ನು ಚರಕಿಗೆ ಸಿಕ್ಕಿಸಿ, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ತಾಳೆಯ ಗರಿಯಿಂದ ಮೆರುಗು ಕೊಟ್ಟನು. ಕಪ್ಪು ಗುಬುಟು ಒಡೆದ ಬೇಕಲೈಟಿನ ತದ್ರೂಪವಾಗಿ ಬಂದಿತು. ಇಲ್ಲಿ ಒಂದು ವಿನೋದವಿದೆ. 1907ರಲ್ಲಿ ಬೇಕ್ಲೆಂಡ್ ಎಂಬ ರಸಾಯನಶಾಸ್ತ್ರಜ್ಞನು ಬೇಕಲೈಟನ್ನು ಕಂಡುಹಿಡಿದುದು, ಅರಗಿನ ಹುಳುಗಳಿಂದ ಬರುವ ಅರಗಿಗೆ ಬದಲಿ ಬೇಕೆಂದು ಹುಡುಕುತ್ತ ಹೋಗಿ. ಅರಗಿನ ಪ್ರತಿನಿಧಿಯು ಒಡೆದಾಗ ಅರಗೇ ಬಂದು ತನ್ನ ಪ್ರತಿನಿಧಿಗೆ ಪ್ರತಿನಿಧಿಯಾಯಿತು.

ಜನರೇಟರಿನ ಒಂದು ಕಂಡೆನ್ಸರಿನ ಬಳಿ ಅವರು ತಡೆದು ನಿಂತರು. ಅದು ಕಾರ್ಖಾನೆಯದಲ್ಲ; ತಂದೆಯ ಕೈಯ ಬೆಸುಗೆ. ಅದರ ಪ್ರಮಾಣವು ನಕ್ಷೆಯಲ್ಲಿ ಹೇಳಿದ್ದರ ಅರ್ಧ ಮಾತ್ರ. ಪಿತೃಭಕ್ತಿಯು, ತಂದೆ ಹಾಕಿದಷ್ಟನ್ನೇ ಹಾಕು ಎಂದಿತು. ಪುಸ್ತಕವನ್ನು ತಿರುವಿ ನೋಡಿದಾಗ ಒಂದು ಸಾಲು ಸಿಕ್ಕಿತು: ‘ಸರಿಯಾದ್ದು ಸಿಕ್ಕಲಿಲ್ಲ, ತತ್ಕಾಲಕ್ಕೆ.’ ಪ್ರತಿನಿಧಿಯೂ ನಷ್ಟವಾದಾಗ ಹೊಸದನ್ನು ಆರಿಸಬೇಕಾದುದು ಆ ಪ್ರತಿನಿಧಿಯ ಸಾಮ್ಯವನ್ನು ನೋಡಿ ಅಲ್ಲ, ಮೂಲದ ಸಾಮ್ಯವನ್ನು ನೋಡಿ ಎಂಬುದು ಮೀಮಾಂಸಕರ ನಿರ್ಣಯ. ಹಾಗಲ್ಲದಿದ್ದರೆ ಒಂದೊಂದು ಬದಲಿಗೂ ಒಂದೊಂದು ಹೆಜ್ಜೆ ದೂರವಾಗಿ, ಕೊನೆಗೆ ಮೂಲವೇ ಮರೆತುಹೋಗುತ್ತದೆ. ಮಗನು ನಕ್ಷೆಯಲ್ಲಿದ್ದುದನ್ನೇ ಹಾಕಿದರು. ತಂದೆಯ ಕೈಕೆಲಸವನ್ನು ಬಿಟ್ಟುದರಿಂದ ತಂದೆಯ ಇಚ್ಛೆಯನ್ನು ನಡೆಸಿದಂತಾಯಿತು.

ಕೊನೆಗೆ ಉಳಿದುದು ಮೀಟರಿನ ತುಂಡಾದ ರೆಸಿಸ್ಟರು. ಅದರ ತಂತಿಯು ಸಾಮಾನ್ಯವಾದುದಲ್ಲ; ಕಾವಿನಿಂದ ರೋಧವು ಹೆಚ್ಚು ಕಡಮೆಯಾಗದಂತೆ ಬೆರಕೆ ಮಾಡಿದ ಲೋಹ. ಪ್ರಮಾಣವು ಒಂದಿಷ್ಟು ತಪ್ಪಿದರೂ ಅಳತೆಯೆಲ್ಲ ತಪ್ಪು. ಹಲವು ತಿಂಗಳು ಕಾದ ಮೇಲೆ, ಬೆಂಗಳೂರಿನ ಚಿಕ್ಕಪೇಟೆಯ ಬಳಿಯ ಭಾನುವಾರದ ಗುಜರಿ ಸಂತೆಯಲ್ಲಿ, ಹಳೆಯ ಬೀಗಗಳ ರಾಶಿಯ ನಡುವೆ ಅದೇ ಮಾದರಿಯ ಇನ್ನೊಂದು ಮೀಟರು ಸಿಕ್ಕಿತು. ಅದರ ಗಾಜು ಒಡೆದಿತ್ತು, ಮುಳ್ಳು ಮುರಿದಿತ್ತು. ಒಳಗಿನ ರೆಸಿಸ್ಟರುಗಳು ಸರಿಯಾಗಿದ್ದುವು. ಬೆನ್ನಿನ ಮೇಲೆ ಯಾರೋ ಮೊಳೆಯಿಂದ ಎರಡು ಅಕ್ಷರಗಳನ್ನು ಗೀರಿದ್ದರು. ಅವನೂ ಎಲ್ಲಿಯೋ ಒಂದು ಅಂಗಡಿಯಲ್ಲಿ ಕುಳಿತು ಸಂಸಾರವನ್ನು ಸಾಕಿದವನಾಗಿರಬೇಕು. ಬೇಕಾದುದನ್ನು ತೆಗೆದುಕೊಂಡ ಮೇಲೆ ಉಳಿದುದನ್ನು ಗುಜರಿಗೆ ಹಿಂದಿರುಗಿಸುವುದಕ್ಕೆ ಮನಸ್ಸಾಗದೆ, ಅದನ್ನು ಬಟ್ಟೆಯಲ್ಲಿ ಸುತ್ತಿ ತಂದೆಯ ಪುಸ್ತಕದ ಪಕ್ಕದಲ್ಲಿಯೇ ಇಟ್ಟರು.

ಜೋಡಿಸಿದ ಮೀಟರು ನಿಜ ಹೇಳುತ್ತದೆಯೇ ಎಂಬುದಕ್ಕೆ ಸಾಕ್ಷಿ ಬೇಕಲ್ಲವೆ? ಹಿಂದೆ ಕೈಬಿಟ್ಟಿದ್ದ ಡಿಜಿಟಲ್ ಮೀಟರೇ ಸಾಕ್ಷಿಯಾಗಿ ಬಂದಿತು. ಗುಟುಕು ಹೀರಿದರೂ ಬರಿದಾಗದ ಬಲವಾದ ವಿದ್ಯುನ್ಮೂಲಕ್ಕೆ ಎರಡನ್ನೂ ಜೋಡಿಸಿದಾಗ ಎರಡೂ ಒಂದೇ ಮಾತನ್ನಾಡಿದುವು. ಆಮೇಲೆ ರೇಡಿಯೋವಿನ ಸರದಿ. ಮೊದಲಿನ ಮೂರು ಸ್ಥಳಗಳಲ್ಲಿ ಮುಳ್ಳು ತಂದೆಯ ಅಂಕೆಗಳ ಮೇಲೆಯೇ ಬಂದು ನಿಂತಿತು. ನಾಲ್ಕನೆಯ ಕಡೆ ಸ್ವಲ್ಪ ಕಡಮೆ; ಅಲ್ಲಿನ ಇಂಗಾಲದ ರೆಸಿಸ್ಟರು ವಯಸ್ಸಿನಿಂದ ತನ್ನ ಪ್ರಮಾಣವನ್ನು 
ಮೀರಿ ಬೆಳೆದಿತ್ತು. ಯಾವುದು ಮೀಟರಿನ ಭೇದ, ಯಾವುದು ಕಾಲದ ಭೇದ ಎಂಬುದು ಆಗ ಹಾಲು ನೀರಿನಂತೆ ಬೇರೆಯಾಯಿತು. ಐದನೆಯದು ಸರಿ. ಆರನೆಯ ಸ್ಥಳದಲ್ಲಿ ಮುಳ್ಳು, ಇರಬೇಕಾದುದರ ಅರ್ಧಕ್ಕೆ ನಿಂತಿತು. ಅಲ್ಲಿ ಒಂದು ಕಂಡೆನ್ಸರು ಸೋರುತ್ತಿತ್ತು. ಮೂವತ್ತು ವರ್ಷಗಳ ಹಿಂದೆ ಆ ಹಿರಿಯರು ಹುಡುಕುತ್ತಿದ್ದ ರೋಗಕ್ಕೂ ಅವರ ಕೈಗೂ ನಡುವೆ ಇದ್ದುದು ಎರಡೇ ಗೆರೆ.

ದ್ರವ್ಯಕ್ಕೆ ಪ್ರತಿನಿಧಿಯುಂಟು, ಯಜಮಾನನಿಗೆ ಇಲ್ಲ ಎಂದು ಜೈಮಿನಿಯು ಹೇಳಿದರೂ ಒಂದು ಕಡೆ ವಿನಾಯಿತಿಯನ್ನು ಕೊಟ್ಟಿದ್ದಾನೆ. ಸತ್ರವೆಂಬ ಯಾಗದಲ್ಲಿ ಕಡಮೆಯೆಂದರೆ ಹದಿನೇಳು ಮಂದಿ ಕೂಡಿ ಯಜಮಾನರಾಗುತ್ತಾರೆ. ನಡುವೆ ಒಬ್ಬನು ಸತ್ತರೆ ಕರ್ಮವು ನಿಲ್ಲದಂತೆ ಇನ್ನೊಬ್ಬನನ್ನು ತಂದು ಕೂರಿಸಬಹುದು. ಹಾಗೆ ಬಂದವನು ಎಲ್ಲ ನಿಯಮಗಳನ್ನೂ ಪಾಲಿಸಬೇಕು. ಫಲ ಮಾತ್ರ ಅವನದಲ್ಲ. ಅಳೆಯುವುದು, ದುರಸ್ತಿ ಮಾಡುವುದು, ಕೆಟ್ಟುದನ್ನು ನೆಟ್ಟಗಾಗಿಸಿ ಮುಂದಿನವರ ಕೈಗೆ ಕೊಡುವುದು ಇವೂ ಒಬ್ಬನ ಕೆಲಸಗಳಲ್ಲ. ಹೆಸರು ತಿಳಿಯದ ಬಹುಮಂದಿಯ ಸತ್ರ.

ರೇಡಿಯೋವನ್ನು ಅವರೇ ತಪ್ಪಲಿನ ಹಳ್ಳಿಗೆ ಹೊತ್ತು ಹೋದರು. ಮನೆಯ ಗುರುತು ತಪ್ಪಿರಲಿಲ್ಲ. ಹಗ್ಗದ ಮಂಚದ ಮೇಲೆ ಕುಳಿತಿದ್ದ ವೃದ್ಧೆಯು ಪೆಟ್ಟಿಗೆಯನ್ನು ಬಹಳ ಹೊತ್ತು ದಿಟ್ಟಿಸಿ, ಅದರೊಳಗಿನಿಂದ ಕನ್ನಡದ ದನಿ ಬಂದ ಮೇಲೆ, ಸೆರಗಿನ ಗಂಟಿಗೆ ಕೈಹಾಕಿ, “ಎಷ್ಟಾಯ್ತಪ್ಪ ಖರ್ಚು?” ಎಂದಳು.

“ಅಪ್ಪ ಮುಂಗಡ ತಗೊಂಡಿದ್ದಾರೆ ಅಜ್ಜಮ್ಮ. ಲೆಕ್ಕ ಚುಕ್ತಾ” ಎಂದರು ಅವರು.

ಮನೆಗೆ ಬಂದು ಏಳನೆಯ ಗೆರೆಯ ಕೆಳಗೆ ತಾರೀಖನ್ನು ಬರೆದರು. ಆಮೇಲೆ ಮೀಟರನ್ನು ಮತ್ತೆ ಬಿಚ್ಚಿ, ಬಿಲ್ಲೆ ಸೆಲ್ಲುಗಳನ್ನು ಮರೆಯದೆ ತೆಗೆದಿಟ್ಟರು. ಯಾವ ಯಾವ ಭಾಗ ಬದಲಾಯಿತು, ಅದರ ಸ್ಥಾನದಲ್ಲಿ ಮೊದಲು ಏನಿತ್ತು, ಎರವಲು ಎಲ್ಲಿಂದ ಬಂದಿತು ಎಂಬುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿದರು. ಮುಂದೆ ಎಂದಾದರೂ ಅದನ್ನು ಬಿಚ್ಚುವವನು ಇವರು ಹಾಕಿದ್ದನ್ನು ನೋಡಿ ಮೋಸಹೋಗದೆ ಮೂಲವನ್ನು ನೋಡಲಿ ಎಂದು ಅವರ ಆಶಯ. ಚೀಟಿಯ ಕೊನೆಗೆ, ತಂದೆಯ ಪುಸ್ತಕದಿಂದ ಕಲಿತ ಒಂದೇ ಮಾತನ್ನು ಸೇರಿಸಿದರು: ತತ್ಕಾಲಕ್ಕೆ.